ಬೇಲಿ ದಾಟಿಸಿದವರು

ಗೋಪಿನಾಥ ಬಲಗೈ ಬಿಡಿಸಿ ತೋರಿಸಿದಾಗ ಸೂರ್ಯನಾರಾಯಣ ಬಾಯಿಗೊಯ್ದಿದ್ದ ಸಮೋಸಾವನ್ನು ತಟ್ಟೆಗಿಳಿಸಿದ. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಹಳೆಯ ಗಾಯದ ಗುರುತು, ಬೆಳ್ಳಗೆ, ಹಗ್ಗದಷ್ಟು ದಪ್ಪ.

"ಮುಳ್ಳುತಂತಿ," ಎಂದ ಗೋಪಿನಾಥ. "ಏಳು ಹೊಲಿಗೆ."

2007ರ ಜನವರಿಯ ಭಾನುವಾರ, ಮಧ್ಯಾಹ್ನ ಮೂರು ಗಂಟೆ. ಮೂವತ್ತಮೂರು ವರ್ಷಗಳ ಹಿಂದೆ ಉತ್ತರ ದೆಹಲಿಯ ಕಾಲೇಜು ಮೈದಾನವೊಂದರಲ್ಲಿ 'ಗ್ರೇ ಪಿಜನ್ಸ್' ಎಂಬ ರಾಕ್ ತಂಡ ಬಾರಿಸಿದ್ದನ್ನು ಕೇಳಿದವರೆಲ್ಲ ಒಮ್ಮೆ ಸೇರಬೇಕೆಂದು ಯೋಗೀಶ ಈ-ಮೇಲ್ ಮೇಲೆ ಈ-ಮೇಲ್ ಕಳಿಸಿ, ಇಪ್ಪತ್ತೈದು ಜನರನ್ನು ನೋಯ್ಡಾದ ತನ್ನ ಅಪಾರ್ಟ್‌ಮೆಂಟಿಗೆ ಕರೆಸಿಕೊಂಡಿದ್ದ. ತಲೆ ನರೆತವರು, ಮಂಡಿ ನೋವಿನವರು. ಡ್ರಮ್ಮಿನವನು ಕೋಲು ಮುರಿದದ್ದು, ಗಿಟಾರಿನವನು ಬರಿಗಾಲಲ್ಲಿ ಕುಣಿದದ್ದು, ಮೂರನೆಯ ಹಾಡಿನ ನಡುವೆ ಶಾಮಿಯಾನಕ್ಕೆ ಬೆಂಕಿ ಹತ್ತಿಕೊಂಡದ್ದು, ಎಲ್ಲರೂ ಒಟ್ಟಿಗೇ ಹೇಳುತ್ತಿದ್ದರು, ಗೋಪಿನಾಥ ಬಾಯಿ ತೆರೆಯುವವರೆಗೆ.

ಹುಬ್ಬಳ್ಳಿಯ ಮನುಷ್ಯ. ಇಷ್ಟು ವರ್ಷ ಕಾನ್ಪುರದಲ್ಲಿದ್ದು ಈಗ ಗುಡಗಾಂವಿಗೆ ಬಂದಿದ್ದ. ಗೇಟಿನಲ್ಲಿ ಜನ ಒಬ್ಬರ ಮೇಲೊಬ್ಬರು ಬೀಳುತ್ತಿದ್ದಾಗ ತಾನು ಹಿಂದಿನ ಬೇಲಿಯ ತಂತಿ ಅದುಮಿ ಹಿಡಿದು ಒಂಬತ್ತು ಹುಡುಗಿಯರನ್ನು ಆಚೆ ದಾಟಿಸಿದೆನೆಂದು ಹೇಳಿದ. ಅಲ್ಲಿ ಬೇರೆ ಯಾರೂ ಇರಲಿಲ್ಲವಂತೆ.

"ಅವರಲ್ಲಿ ಒಬ್ಬಾಕಿ ಕನ್ನಡದಾಕಿ. 'ಅಯ್ಯೋ ನನ್ನ ಚಪ್ಪಲಿ' ಅಂದ್ಲು. ಆ ಬೆಂಕಿಯೊಳಗೂ ನನಗ ನಗು ಬಂತು."

ಸೂರ್ಯನಾರಾಯಣ ಹೆಂಡತಿಯ ಕಡೆ ನೋಡಿದ. ವೈಜಯಂತಿಯ ಮುಖ ಬಿಳಿಚಿಕೊಂಡಿತ್ತು.

ಈ ದಿನ ಒಂದಲ್ಲ ಒಂದು ದಿನ ಬರುತ್ತದೆಂದು ಅವನಿಗೆ ಗೊತ್ತಿತ್ತು. ಆ ಬೆಂಕಿಯ ಸಂಜೆ ಅವನು ಮೈದಾನದಲ್ಲಿರಲೇ ಇಲ್ಲ. ಮಂಗನಬಾವಾಗಿ, ಎರಡೂ ಕೆನ್ನೆ ಊದಿಸಿಕೊಂಡು ಹಾಸ್ಟೆಲಿನ ಕೋಣೆಯಲ್ಲಿ ಮಲಗಿದ್ದ. ಎರಡು ತಿಂಗಳ ನಂತರ, ಯೂನಿವರ್ಸಿಟಿ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ನಿಂತ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ಕನ್ನಡದಲ್ಲಿ ಕೇಳಿದ್ದಳು: "ಅವತ್ತು ನನ್ನನ್ನ ಬೇಲಿ ದಾಟಿಸಿದ್ದು ನೀವೇ ಅಲ್ವಾ?"

ಅಲ್ಲ ಎನ್ನಬೇಕಿತ್ತು. ಅವಳ ಕಣ್ಣು ನೋಡಿ "ಹೂಂ" ಅಂದುಬಿಟ್ಟ.

ಆ ಒಂದು ಹೂಂ ಕಾಫಿಯವರೆಗೆ ಹೋಯಿತು, ಎರಡು ವರ್ಷದಲ್ಲಿ ಮದುವೆಯಾಯಿತು, ಮುನಿರ್ಕಾದಲ್ಲಿ ಮನೆಯಾಯಿತು, ಇಬ್ಬರು ಮಕ್ಕಳಾದರು. ಮಕ್ಕಳು ಬೆಂಕಿಯ ಕಥೆ ಕೇಳಿದಾಗಲೆಲ್ಲ ವೈಜಯಂತಿ, "ಅಪ್ಪನ್ನ ಕೇಳಿ, ಅವರು ಚೆನ್ನಾಗಿ ಹೇಳ್ತಾರೆ," ಎಂದು ಜಾರಿಕೊಳ್ಳುತ್ತಿದ್ದಳು. ಅವನು ಗೆಳೆಯರ ಬಾಯಿಂದ ಕೇಳಿದ್ದನ್ನೆಲ್ಲ ಜೋಡಿಸಿ ಹೇಳುತ್ತಿದ್ದ. ಹೊಗೆಯಲ್ಲಿ ಮುಖ ಸರಿಯಾಗಿ ಕಾಣದೆ ಅವಳು ಬೇರೆ ಯಾರನ್ನೋ ಇವನೆಂದುಕೊಂಡಿದ್ದಾಳೆ ಎಂಬುದು ಮಾತ್ರ ಅವನನ್ನು ಒಂದು ದಿನವೂ ಬಿಟ್ಟಿರಲಿಲ್ಲ. ಅವಳು ಒಲಿದದ್ದು ಆ ಯಾರಿಗೋ. ತಾನು ಅವನ ಜಾಗದಲ್ಲಿ ಕೂತವನು.

ಇವತ್ತು ಬರುವುದಕ್ಕೂ ಅವನಿಗೆ ಮನಸ್ಸಿರಲಿಲ್ಲ. ಬೆಳಿಗ್ಗೆ ವೈಜಯಂತಿಯೇ ತಲೆನೋವೆಂದಾಗ ಬದುಕಿದೆ ಅಂದುಕೊಂಡಿದ್ದ. ಅಷ್ಟರಲ್ಲಿ ಯೋಗೀಶ ಕಾರು ತಂದು ಬಾಗಿಲಲ್ಲಿ ನಿಂತಿದ್ದ.

ಆ ಯೋಗೀಶನೇ ಈಗ ಹುಬ್ಬು ಗಂಟಿಕ್ಕಿದ. "ಒಂದ್ನಿಮಿಷ, ಗೋಪಿನಾಥ್. ಬೇಲಿ ದಾಟಿಸಿದ್ದು ನಮ್ಮ ಸೂರ್ಯ ಅಲ್ವಾ? ಇವರ ಮದುವೆ ಆಗಿದ್ದೇ ಅದರಿಂದ."

ಎಲ್ಲರ ಮುಖಗಳೂ ತಿರುಗಿದವು. ಗೋಪಿನಾಥ ಸೂರ್ಯನಾರಾಯಣನನ್ನು ದಿಟ್ಟಿಸಿ ನೋಡಿದ. ಸೂರ್ಯನಾರಾಯಣನ ಕೈ ತಾನಾಗಿಯೇ ಜೇಬಿನೊಳಗೆ ಹೋಯಿತು. ಆ ಕೈಯಲ್ಲಿ ಒಂದು ಗೀರೂ ಇರಲಿಲ್ಲ.

ವೈಜಯಂತಿ ತಟ್ಟನೆ ಎದ್ದಳು. "ಗೋಪಿನಾಥ್ ಅವರೇ, ಸ್ವಲ್ಪ ಹೊರಗೆ ಬರ್ತೀರಾ? ನಿಮ್ಮ ಹತ್ತಿರ ಮಾತಾಡಬೇಕು."

ಗಾಜಿನ ಬಾಗಿಲಿನಾಚೆ, ಚಳಿಯ ಬಿಸಿಲಲ್ಲಿ, ಇಬ್ಬರೂ ನಿಂತಿದ್ದರು. ಮಾತು ಕೇಳಿಸುತ್ತಿರಲಿಲ್ಲ. ವೈಜಯಂತಿ ತಲೆ ತಗ್ಗಿಸಿಕೊಂಡು ಒಂದೇ ಸಮನೆ ಹೇಳುತ್ತಿದ್ದಳು, ಮಧ್ಯೆ ಒಮ್ಮೆ ಸೆರಗಿನಿಂದ ಕಣ್ಣೊತ್ತಿಕೊಂಡಳು. ಗೋಪಿನಾಥ ಮೊದಲು ಬೆರಗಾದ. ಆಮೇಲೆ ಮೆಲ್ಲಗೆ ನಕ್ಕು, ತಲೆಯಾಡಿಸಿದ. ಸೂರ್ಯನಾರಾಯಣ ಆ ಹತ್ತು ನಿಮಿಷದಲ್ಲಿ ತನ್ನ ಮೂವತ್ತಮೂರು ವರ್ಷಗಳೂ ಕೈಬಿಟ್ಟು ಹೋಗುವುದನ್ನು ನೋಡುತ್ತ ಕೂತ.

ಒಳಗೆ ಬಂದ ಗೋಪಿನಾಥ ಯೋಗೀಶನಿಗೆ, ಆ ಗದ್ದಲದಲ್ಲಿ ಇನ್ನೊಬ್ಬರು ಇದ್ದಿದ್ದರೂ ಇರಬಹುದು, ತನಗೆ ಸರಿಯಾಗಿ ನೆನಪಿಲ್ಲ ಎಂದುಬಿಟ್ಟ. ಆಮೇಲೆ ಸೂರ್ಯನಾರಾಯಣನ ಹೆಗಲ ಮೇಲೆ ಕೈಯಿಟ್ಟ.

"ನಿಮ್ಮ ಮನೆಯವರು ಎಲ್ಲಾ ಹೇಳಿದ್ರು. ಪುಣ್ಯವಂತರು ನೀವು."

ಆ ಕೈ ಹೆಗಲ ಮೇಲೆ ಕೆಂಡದ ಹಾಗಿತ್ತು. ಕರುಣೆಯಿಂದ ಬಿಟ್ಟುಕೊಟ್ಟಿದ್ದಾನೆ. ಇವಳೇ ಬೇಡಿಕೊಂಡಿರಬೇಕು, ಜನರ ಮುಂದೆ ಗಂಡನ ಮಾನ ಹೋಗಬಾರದೆಂದು.

ವಾಪಸು ಹೊರಟ ಟ್ಯಾಕ್ಸಿಯಲ್ಲಿ ವೈಜಯಂತಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದಳು. ಚಾಲಕನಿಗೆ ಕನ್ನಡ ಬಾರದು. ಯಮುನೆಯ ಸೇತುವೆ ಬರುವಷ್ಟರಲ್ಲಿ ಸೂರ್ಯನಾರಾಯಣನಿಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿದ. ಮಂಗನಬಾವು, ಹಾಸ್ಟೆಲ್ಲು, ಬಸ್ಸು, ಆ ಹೂಂ. ಅಲ್ಲಿರದಿದ್ದವನನ್ನು ನೀನು ಮದುವೆಯಾದೆ, ಈಗ ನೀನು ಏನು ಅಂದರೂ ಕೇಳುತ್ತೇನೆ ಎಂದ.

ವೈಜಯಂತಿ ನಿಧಾನವಾಗಿ ತಿರುಗಿದಳು.

"ಮಂಗನಬಾವಾ?" ಎಂದಳು.

"ಹೂಂ." ಅವನು ಕಣ್ಣೆತ್ತಲಿಲ್ಲ. "ಅವರ ಹತ್ತಿರ ಏನು ಹೇಳಿದೆ, ವೈಜಯಂತಿ?"

"ನಮ್ಮ ಯಜಮಾನರಿಗೆ ಗೊತ್ತಾಗೋದು ಬೇಡ ಅಂತ ಕೈಮುಗಿದೆ."

"ಏನು ಗೊತ್ತಾಗೋದು?"

"ನಾನು ಆ ಮೈದಾನಕ್ಕೆ ಕಾಲೇ ಇಟ್ಟಿಲ್ಲ ರೀ. ತಿಂಗಳುಗಟ್ಟಲೆ ಅದೇ ಬಸ್ಸಲ್ಲಿ ಬರ್ತಿದ್ರಿ, ಮಾತಾಡಿಸೋದಕ್ಕೆ ನನಗೆ ಬೇರೆ ನೆಪ ಸಿಗಲಿಲ್ಲ."