ಅಳುವ ದೃಶ್ಯ

ಒಂಬತ್ತನೇ ಟೇಕ್ ಕೂಡ ಹಾಳಾಯಿತು. ಹುಡುಗಿಯ ಕಣ್ಣಲ್ಲಿ ಒಂದು ಹನಿಯೂ ಇಲ್ಲ.

"ಆ ಹಳೇ ಉಪಾಯಾನೇ ಮಾಡಿಬಿಡೋಣ್ವಾ ಅಕ್ಕಾ?" ನಿರ್ದೇಶಕ ನಕ್ಕ.

ಅಕ್ಕ ನಗಲಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ಜನ ಕೆಲಸ ಬೊಗಸೆ ಬಿಟ್ಟು ನೋಡುತ್ತಿದ್ದ ಧಾರಾವಾಹಿಯ ಪುಟ್ಟ ತಾರೆ ಆಕೆಯೇ. ಆ ಧಾರಾವಾಹಿಯ ತೆರೆಮರೆಯ ಕಥೆಯೇ ಈಗ ಸಿನಿಮಾ ಆಗುತ್ತಿತ್ತು. ಆಕೆಯ ಪಾತ್ರ ಈ ಹತ್ತು ವರ್ಷದ ಹುಡುಗಿಯದು. ನಟನೆ ಹೇಳಿಕೊಡಲು ಅಕ್ಕನನ್ನೇ ಕರೆಸಿದ್ದರು.

ಉಪಾಯ ಅಂದರೆ ಇಷ್ಟೇ: ಅಂದು ಆಕೆಗೆ ಅಳು ಬಾರದಿದ್ದಾಗ ಆ ಧಾರಾವಾಹಿಯ ಮ್ಯಾನೇಜರು ಓಡಿಬಂದು, ನಿಮ್ಮಮ್ಮನಿಗೆ ಆಕ್ಸಿಡೆಂಟ್ ಆಗಿದೆ ಅಂದಿದ್ದ. ಆಕೆ ನೆಲದ ಮೇಲೆ ಹೊರಳಾಡಿ ಅತ್ತಳು. ಕ್ಯಾಮೆರಾ ಓಡುತ್ತಿತ್ತು. ಸಂಜೆ ಮನೆಗೆ ಹೋದರೆ ಅಮ್ಮ ಅಡುಗೆ ಮಾಡುತ್ತಿದ್ದಳು. ಅಂದಿನಿಂದ ಆಕೆ ಯಾರ ಮಾತನ್ನೂ ನಂಬಿದ್ದಿಲ್ಲ, ಕಟ್ಟಿಕೊಂಡ ಗಂಡನದನ್ನೂ.

"ಈ ಮಗೂಗೆ ಹಾಗೆ ಮಾಡಿದ್ರೆ ನಿಮ್ಮ ಗ್ರಹಚಾರ ಬಿಡಿಸ್ತೀನಿ."

ನಿರ್ದೇಶಕ ಬ್ರೇಕ್ ಕೊಟ್ಟ. ದೀಪಗಳು ಆರಿದವು, ಕ್ಯಾಮೆರಾಕ್ಕೆ ಮುಸುಕು ಬಿತ್ತು. ಹುಡುಗಿ ಕುರ್ಚಿಯಲ್ಲಿ ಕಾಲಾಡಿಸುತ್ತ ಕುಳಿತಳು. ಅವಳಮ್ಮ ಹಣ್ಣು ತರಲು ಸ್ಕೂಟರಿನಲ್ಲಿ ಹೋಗಿದ್ದಳು.

ಆಗಲೇ ಈ ಸಿನಿಮಾದ ಮ್ಯಾನೇಜರು ಏದುಸಿರು ಬಿಡುತ್ತ ಬಂದ. "ಪುಟ್ಟಿ, ಬೇಗ ಬಾ. ನಿಮ್ಮಮ್ಮನಿಗೆ ಆಕ್ಸಿಡೆಂಟ್ ಆಗಿದೆ. ನಿನ್ನೇ ಕೇಳ್ತಿದ್ದಾರೆ. ಕಾರು ಬಾಗಿಲಲ್ಲೇ ಇದೆ."

ಅದೇ ಮಾತು. ಅದೇ ನಡುಗುವ ದನಿ.

ಅಕ್ಕ ಅವನ ಕೆನ್ನೆಗೆ ಬಾರಿಸಿದಳು. ನಿರ್ದೇಶಕನ ಮುಖ ಬಿಳುಚಿತು, ಸಿಕ್ಕಿಬಿದ್ದ ಕಳ್ಳನ ಹಾಗೆ. ಅವನು ಏನೋ ಹೇಳಲು ಬಾಯಿ ತೆರೆದ, ಆಕೆ ಬಿಡಲಿಲ್ಲ. ಹುಡುಗಿಯನ್ನು ಎಳೆದುಕೊಂಡು ಮೇಕಪ್ ರೂಮಿಗೆ ನುಗ್ಗಿ ಚಿಲಕ ಹಾಕಿದಳು.

"ಸುಳ್ಳು ಕಣೇ ಪುಟ್ಟಿ. ನಿನ್ನ ಅಳಿಸೋಕೆ ಹೇಳಿದ್ದು. ಅಮ್ಮ ಆರಾಮಾಗಿದ್ದಾರೆ."

"ನಂಗೆ ಗೊತ್ತು ಆಂಟಿ. ಸ್ಕ್ರಿಪ್ಟ್‌ನಲ್ಲಿ ಓದಿದೀನಲ್ಲ!" ಹುಡುಗಿ ಕಿಸಕ್ಕನೆ ನಕ್ಕಳು.

ಹೊರಗಿನವರು ಬಾಗಿಲು ಬಡಿದರು, ಬೈದರು, ಬೇಡಿಕೊಂಡರು. ಜಪ್ಪಯ್ಯ ಅಂದರೂ ಆಕೆ ತೆಗೆಯಲಿಲ್ಲ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಎದೆ ಹಗುರಾಗಿತ್ತು. ಅಂದು ತನಗೆ ಯಾರೂ ಮಾಡದ ಉಪಕಾರವನ್ನು ತಾನು ಈ ಮಗುವಿಗೆ ಮಾಡಿದ್ದಳು. ಹುಡುಗಿಯ ಜಡೆ ಬಿಚ್ಚಿ ಮತ್ತೆ ಹೆಣೆದಳು. ಇಬ್ಬರೂ ಬಿಸ್ಕತ್ತು ತಿಂದರು. ಮುಕ್ಕಾಲು ಗಂಟೆ ಕಳೆಯುವ ಹೊತ್ತಿಗೆ ಬಡಿತ ನಿಂತಿತು.

ಆಮೇಲೆ ಮ್ಯಾನೇಜರನ ದನಿ, ಬಹಳ ಮೆಲ್ಲಗೆ: "ಅಕ್ಕಾ, ಆಸ್ಪತ್ರೆಯಿಂದ ಮತ್ತೆ ಫೋನ್ ಬಂದಿತ್ತು. ಮಗೂನ ನಿಧಾನಕ್ಕೆ ಕರ್ಕೊಂಡು ಬನ್ನಿ. ಇನ್ನು ಅವಸರ ಇಲ್ಲ."