ಎದೆ ತಣ್ಣಗಿದ್ದವರಿಗೆ ಮಾತ್ರ

ಐಸಿಯು ಬಾಗಿಲು ಈ ಸಲವೂ ತೆರೆಯಲಿಲ್ಲ. ಬಾಗಿಲ ಪಕ್ಕದ ಫಲಕಕ್ಕೆ ಅಂಗೈ ಒತ್ತಿದ ಜಲಜಾಕ್ಷಿಗೆ ಮತ್ತೆ ಅದೇ ಕೆಂಪು ದೀಪ, ಅದೇ ಯಂತ್ರದ ದನಿ: "ಎದೆಬಡಿತ ಹೆಚ್ಚಾಗಿದೆ. ರೋಗಿಗಳ ಹಿತಕ್ಕಾಗಿ ಸಮಾಧಾನವಾಗಿ ಬನ್ನಿ."

"ಒಳಗಿರೋದು ನನ್ನ ಮಗಳು ಕಣಪ್ಪಾ," ಎಂದಳು.

"ಗೊತ್ತಮ್ಮ. ನಿಧಾನಕ್ಕೆ ಉಸಿರು ಎಳ್ಕೊಳಿ. ಬೇರೆ ಏನಾದ್ರೂ ಯೋಚ್ನೆ ಮಾಡಿ," ಎಂದ ಕಾವಲುಗಾರ. ಎಲ್ಲರಿಗೂ ಅವನು ಹೇಳುವುದು ಅದನ್ನೇ.

ಮೂಸಂಬಿ ಹಿಡಿದು ಬಂದ ಪಕ್ಕದ ಮನೆಯವರು ಅಂಗೈ ಒತ್ತಿ ಸಲೀಸಾಗಿ ಒಳಗೆ ಹೋದರು. ಜಲಜಾಕ್ಷಿ ಕಣ್ಣು ಮುಚ್ಚಿ, ಮಗಳನ್ನು ಮಲಗಿಸುವಾಗಿನ ಜೋಗುಳ ಗುನುಗಿದಳು. ಎದೆ ಇನ್ನಷ್ಟು ಹೊಡೆದುಕೊಂಡಿತು.

ಸಂಜೆ ನರ್ಸ್ ಹೊರಬಂದು ಅವಳ ಭುಜ ಹಿಡಿದು, "ಮಗು ಹೋಯ್ತಮ್ಮ," ಎಂದಳು.

ಜಲಜಾಕ್ಷಿ ತುಂಬಾ ಹೊತ್ತು ಗೋಡೆಗೊರಗಿ ಕುಳಿತಿದ್ದಳು. ಆಮೇಲೆ ಎದ್ದು ಅಂಗೈ ಒತ್ತಿದಳು. ಹಸಿರು ದೀಪ ಹತ್ತಿ ಬಾಗಿಲು ತೆರೆಯಿತು. ಒಳಗೆ ಹೋಗಲು ಈಗ ಅವಳಿಗೆ ಅವಸರವೇನೂ ಇರಲಿಲ್ಲ.