ತುಪ್ಪದ ಡಬ್ಬಿಯ ಬೆನ್ನು ಹತ್ತಿ

ಸೊಸೆ ಪಂಪಮ್ಮ ಹೊಸ್ತಿಲು ದಾಟಿದ್ದೇ ತಡ, ಅತ್ತೆ ಬಸವಣ್ಣೆಮ್ಮ ಹಾಸಿಗೆ ಒದ್ದು ಎದ್ದಳು. ಆಗಷ್ಟೇ ಬೆಳಕು ಹರಿದಿತ್ತು. ಸೊಸೆಯ ಸೆರಗಿನ ಕೆಳಗೆ ಹಿತ್ತಾಳೆಯ ಡಬ್ಬಿ ಇತ್ತು.

ಅಂಗಳ ಗುಡಿಸುತ್ತಿದ್ದ ನೆರೆಮನೆಯ ಪಾರ್ವತೆಮ್ಮ ಕಸಬರಿಗೆ ಬಿಟ್ಟು ನಿಂತಳು.

"ಇದೇನ್ರೀ ಯಕ್ಕಾ, ನಡಕೋತ ಹೊಂಟೀರಿ? ಬಂಡಿ ಮುರದೈತೇನು?"

"ಬಂಡಿ ಹೂಡಿದ್ರ ಗೆಜ್ಜಿ ಸಪ್ಪಳಕ್ಕ ಕಳ್ಳಿ ತಪ್ಪಿಸ್ಕೋತಾಳ," ಬಸವಣ್ಣೆಮ್ಮ ಓಣಿಗೆಲ್ಲ ಕೇಳುವಂತೆ ಹೇಳಿದಳು. "ನನ್ನ ಸೊಸಿ ಮನಿ ತುಪ್ಪ ತವರಿಗೆ ಸಾಗಸಾಕತ್ತಾಳ. ಕೈಯಾಗ ಸಿಗ್ಲಿ, ಆಕೀನೂ ತುಪ್ಪದ ಸಂಗಟ ಸಾಗಸ್ತೀನಿ!"

"ಹಿಡೀರಿ, ಬಿಡಬ್ಯಾಡ್ರಿ!" ಪಾರ್ವತೆಮ್ಮನಿಗೆ ಹಬ್ಬವೇ ಆಯಿತು.

ಇದು ೧೯೫೩ರ ಮಾತು. ಮಸ್ಕಿಯಲ್ಲಿ ಆ ಮನೆತನದ ಹೆಂಗಸರು ಎಲ್ಲಿಗೆ ಹೋದರೂ ಕಮಾನು ಬಂಡಿಯಲ್ಲೇ ಹೋಗಬೇಕು. ನಡೆಯುವುದು ಕೂಲಿಯವರ ಪಾಡು.

ಅದಕ್ಕೂ ಕೆಲವು ದಿನ ಮೊದಲು ಲಿಂಗಸುಗೂರಿನ ಡಾಕ್ಟರು ಬಸವಣ್ಣೆಮ್ಮನ ಮೂತ್ರವನ್ನು ನೀಲಿ ಔಷಧಿಯಲ್ಲಿ ಕುದಿಸಿ ನೋಡಿದ್ದರು. ಅದು ಇಟ್ಟಿಗೆಯಷ್ಟು ಕೆಂಪಾಯಿತು. ಸಕ್ಕರೆ ರೋಗ. ಅನ್ನ, ಬೆಲ್ಲ ಬಿಡಬೇಕು, ದಿನಾ ಮೂರು ಮೈಲಿ ನಡೆಯಬೇಕು, ಇಲ್ಲದಿದ್ದರೆ ಕಣ್ಣು ಹೋಗುತ್ತವೆ ಎಂದರು. ಬಸವಣ್ಣೆಮ್ಮನ ತಾಯಿ ಇದೇ ರೋಗದಲ್ಲಿ ಕುರುಡಿಯಾಗಿ ಸತ್ತವಳು. ಆದರೂ ಮನೆಗೆ ಬಂದು ಈಕೆ ಹಾರಾಡಿದ್ದೇ ಹಾರಾಡಿದ್ದು.

"ಕೆಲಸಿಲ್ದ ನಾ ಓಣಿಯಾಗ ತಿರಗಾಡ್ಲೇನು? ಇವ್ರು ಎತ್ತು ಮಾರ್ಕೊಂಡಾರ ಅಂತಾರ ಮಂದಿ. ಕಣ್ಣು ಹೋದ್ರ ಹೋಗ್ಲಿ!"

ಕಣ್ಣಿಗಿಂತ ಮಾನ ದೊಡ್ಡದಂತೆ. ಇಂಥ ಮಾನಕ್ಕಿಷ್ಟು ಬೆಂಕಿ ಹಾಕ!

ಅದಾದ ನಾಲ್ಕನೇ ದಿನಕ್ಕೆ ಪಂಪಮ್ಮ ದಿನಾ ಬೆಳಗ್ಗೆ ಸೆರಗಿನಡಿ ಡಬ್ಬಿ ಮುಚ್ಚಿಕೊಂಡು ಹೊರಗೆ ಹೋಗತೊಡಗಿದಳು. ಅತ್ತೆ ಬೆನ್ನು ಹತ್ತಿದಳು. ಹಳ್ಳ ದಾಟಿ, ಗುಡ್ಡದ ಬುಡ ಬಳಸಿ, ಮತ್ತೆ ಮನೆಗೆ. ಅತ್ತೆ ಹಿಂದೆ ಉಳಿದರೆ ಸೊಸೆ ಮುಳ್ಳು ತೆಗೆಯುವವಳಂತೆ ಕೂರುವಳು. ಅತ್ತೆ ಹತ್ತಿರ ಬಂದರೆ ಬಿರಬಿರನೆ ನಡೆಯುವಳು. ಮೂರು ತಿಂಗಳಾದರೂ ಕಳ್ಳಿ ಸಿಗಲಿಲ್ಲ.

ಸಿಟ್ಟು ಊಟದ ಮೇಲೂ ಬಂತು. ಕಳ್ಳಿ ಮಾಡಿದ ಅನ್ನ, ಹುಗ್ಗಿ ಬೇಡವೆಂದು ಬಸವಣ್ಣೆಮ್ಮ ತಾನೇ ಜೋಳದ ರೊಟ್ಟಿ ಬಡಿದುಕೊಂಡು ಪುಂಡಿ ಪಲ್ಯದ ಜೊತೆ ತಿಂದಳು. ಪಾರ್ವತೆಮ್ಮನ ಮಗಳ ಸೀಮಂತದಲ್ಲಿ ಎಲೆಗೆ ಬಂದ ಹೋಳಿಗೆಯನ್ನೂ ತಡೆದಳು.

"ಸೊಸೀನ ಹಿಡಿಯೂತನಕ ಸಿಹಿ ಮುಟ್ಟಂಗಿಲ್ಲಂತ ಆಣಿ ಮಾಡೀನಿ."

ರೋಗವೆಂದಿದ್ದರೆ 'ಒಂದು ತಿಂದರೆ ಏನಾಗುತ್ತದೆ' ಎಂದು ತುರುಕುತ್ತಿದ್ದರು. ಆಣೆ ಎಂದಮೇಲೆ ಹೋಳಿಗೆ ಪಕ್ಕದ ಎಲೆಗೆ ಹೋಯಿತು.

ಮಗ ಅಮರಗುಂಡಪ್ಪ ಬಂಡಿ ಹೂಡಿ ಇಬ್ಬರನ್ನೂ ಮತ್ತೆ ಲಿಂಗಸುಗೂರಿಗೆ ಕರೆದೊಯ್ದ. ಕಂಪೌಂಡರ್ ಮಕ್ತುಮ್‌ಸಾಬ್ ಗಾಜಿನ ನಳಿಗೆಯನ್ನು ಬೆಳಕಿಗೆ ಹಿಡಿದು ಕೂಗಿದ:

"ಸಾಹೇಬ್ರ, ಕುದಿಸಿದ್ರೂ ನೀಲೀನ ಐತ್ರೀ!"

ಡಾಕ್ಟರು ಬೆರಗಾದರು. ನಡಿಗೆ ಮಾತ್ರ ಜೀವ ಇರುವ ತನಕ ಬಿಡಬೇಡಿ, ಬಿಟ್ಟರೆ ರೋಗ ಮತ್ತೆ ಏಳುತ್ತದೆ ಎಂದರು. ಅಮರಗುಂಡಪ್ಪ ಹೆಂಡತಿಯ ಕಡೆ ನೋಡಿದ. ಆಕೆ ನಗು ತಡೆಯಲು ಸೆರಗು ಕಚ್ಚಿದಳು. ಉಪಾಯವೆಲ್ಲ ಅವಳದೇ. ಡಬ್ಬಿಯಲ್ಲಿ ಒಂದು ದಿನವೂ ತುಪ್ಪದ ಹನಿ ಇರಲಿಲ್ಲ.

ಮರಳುವಾಗ ಅಮರಗುಂಡಪ್ಪ ಮುಂದೆ ಕೂತು ಎತ್ತು ಹೊಡೆಯುತ್ತಿದ್ದ. ಕಮಾನಿನೊಳಗೆ ಪಂಪಮ್ಮನಿಗೆ ತಡೆಯಲಾಗಲಿಲ್ಲ. ಎಷ್ಟು ದಿನ ಓಣಿಯಲ್ಲಿ ಕಳ್ಳಿ ಎನಿಸಿಕೊಂಡಾಳು? ಅತ್ತೆಯ ಕಾಲು ಹಿಡಿದಳು.

"ತಪ್ಪಾತ್ರೀ ಅತ್ತಿ. ನಾ ಏನೂ ಕದ್ದಿಲ್ಲ. ನಿಮ್ಮನ್ನ ನಡಸಾಕ ನಾಟಕ ಮಾಡೀನಿ. ನಾಳಿಂದ ಹೋಗಂಗಿಲ್ಲ."

ಬಸವಣ್ಣೆಮ್ಮನ ಮುಖ ಬಿಳಿಚಿತು. ಮಗನಿಗೆ ಕೇಳಿಸಿತೇನೋ ಎಂದು ಒಮ್ಮೆ ನೋಡಿ, ಸೊಸೆಯ ಕಿವಿಗೆ ಬಾಯಿ ತಂದಳು.

"ಬೆನ್ನು ಹತ್ತಿದ ಮೂರನೇ ದಿನಾನ ನನಗ ತಿಳದೈತಿ, ಹುಚ್ಚಿ! ನೀ ಕಳ್ಳತನ ಬಿಟ್ರ, ನಾ ಏನು ನೆವಾ ಹೇಳಿ ನಡೀಲಿ?"